ಆಸ್ಕರ್ ಗೆದ್ದ ಚಿತ್ರಕಥೆಗೆ ಬರಹಗಾರರ ಪ್ರಶಸ್ತಿಯಲ್ಲಿ ಜಾಗ ಯಾಕಿಲ್ಲ?

2025ರ ಮಾರ್ಚ್ 2ರಂದು 'ಕಾನ್‌ಕ್ಲೇವ್' ಸಿನಿಮಾಕ್ಕೆ ಅತ್ಯುತ್ತಮ ರೂಪಾಂತರಿತ ಚಿತ್ರಕಥೆಯ (ಕಾದಂಬರಿ, ನಾಟಕದಂಥ ಮೊದಲೇ ಇದ್ದ ಕೃತಿಯಿಂದ ಮಾಡಿದ್ದು) ಆಸ್ಕರ್ ಬಂತು. ಅದಕ್ಕೂ ಮೊದಲೇ ಚಿತ್ರಕಥೆಗೆ ಗೋಲ್ಡನ್ ಗ್ಲೋಬ್ ಬಂದಿತ್ತು, ಬ್ರಿಟನ್ನಿನ ಬಾಫ್ಟಾ ಬಂದಿತ್ತು. ಆದರೆ ಫೆಬ್ರುವರಿ 15ರಂದು ಅಮೆರಿಕದ ಚಿತ್ರಕಥೆಗಾರರೇ ಸೇರಿ ಕೊಡುವ ರೈಟರ್ಸ್ ಗಿಲ್ಡ್ ಪ್ರಶಸ್ತಿ ಸಮಾರಂಭದಲ್ಲಿ ಈ ಸಿನಿಮಾದ ಹೆಸರೇ ಕೇಳಿಬರಲಿಲ್ಲ. ಸೋತಿತು ಅಂತಲೂ ಹೇಳುವ ಹಾಗಿಲ್ಲ. ಅದು ಕಣದಲ್ಲೇ ಇರಲಿಲ್ಲ. ಅಲ್ಲಿ ರೂಪಾಂತರಿತ ಚಿತ್ರಕಥೆಯ ಪ್ರಶಸ್ತಿ 'ನಿಕಲ್ ಬಾಯ್ಸ್' ಪಾಲಾಯಿತು.

'ಕಾನ್‌ಕ್ಲೇವ್' ಒಂದೇ ಅಲ್ಲ. ಆ ವರ್ಷ 'ದ ಬ್ರೂಟಲಿಸ್ಟ್', 'ದ ಸಬ್‌ಸ್ಟನ್ಸ್' ಕೂಡ ಹೊರಗೇ ಉಳಿದವು. ಆಸ್ಕರ್‌ನ ಮೂಲ ಚಿತ್ರಕಥೆ ವಿಭಾಗದಲ್ಲಿದ್ದ ಐದು ಸಿನಿಮಾಗಳಲ್ಲಿ ಬರಹಗಾರರ ಪಟ್ಟಿಯಲ್ಲೂ ಇದ್ದದ್ದು ಎರಡೇ: 'ಅನೋರಾ' ಮತ್ತು 'ಎ ರಿಯಲ್ ಪೇನ್'. ರೂಪಾಂತರ ವಿಭಾಗದಲ್ಲೂ ಅಷ್ಟೇ, ಐದರಲ್ಲಿ ಎರಡು. ಒಂದೇ ವರ್ಷ, ಒಂದೇ ಕಸುಬು, ಆದರೂ ಎರಡು ಪಟ್ಟಿ ಇಷ್ಟು ಬೇರೆ. ಬರವಣಿಗೆ ಏನು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವ ಬರಹಗಾರರೇ ವರ್ಷದ ಅತಿ ಹೆಚ್ಚು ಮಾತಾದ ಚಿತ್ರಕಥೆಯನ್ನು ಕೈಬಿಟ್ಟರಾ ಅನ್ನುವ ಗೊಂದಲ ಸಹಜವೇ.

ಅವರು ಕೈಬಿಡಲಿಲ್ಲ. ಆ ಸಿನಿಮಾಕ್ಕೆ ಮತ ಹಾಕುವ ಅವಕಾಶವೇ ಅವರಿಗೆ ಇರಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಚಿತ್ರಕಥೆಯ ಗುಣವನ್ನು ಪಕ್ಕಕ್ಕಿಟ್ಟು, ಒಂದು ಕೆಲಸದ ಒಪ್ಪಂದವನ್ನು ನೋಡಬೇಕು.

ಕೊಡುವವರು ಅಕಾಡೆಮಿಯಲ್ಲ, ಕಾರ್ಮಿಕ ಸಂಘ

ಆಸ್ಕರ್ ಕೊಡುವುದು ಒಂದು ಅಕಾಡೆಮಿ. ಅದರಲ್ಲಿ ನಟರಿದ್ದಾರೆ, ನಿರ್ದೇಶಕರಿದ್ದಾರೆ, ಛಾಯಾಗ್ರಾಹಕರಿದ್ದಾರೆ, ನಿರ್ಮಾಪಕರೂ ಇದ್ದಾರೆ. ಸಂಬಳ ಕೊಡುವವರು ಮತ್ತು ತೆಗೆದುಕೊಳ್ಳುವವರು ಇಬ್ಬರೂ ಅಲ್ಲಿ ಒಟ್ಟಿಗೆ ಕೂರುತ್ತಾರೆ. ರೈಟರ್ಸ್ ಗಿಲ್ಡ್ ಆಫ್ ಅಮೆರಿಕ ಅಂಥದ್ದಲ್ಲ. ಅದು ಬರಹಗಾರರ ಕಾರ್ಮಿಕ ಸಂಘ. ಅದರ ಮೂಲ 1933ರ ಸ್ಕ್ರೀನ್ ರೈಟರ್ಸ್ ಗಿಲ್ಡ್. 1954ರಲ್ಲಿ ಸಂಘಟನೆ ಈಗಿನ ರೂಪಕ್ಕೆ ಬಂತು. ಲಾಸ್ ಏಂಜಲೀಸ್‌ನಲ್ಲಿ ವೆಸ್ಟ್, ನ್ಯೂಯಾರ್ಕ್‌ನಲ್ಲಿ ಈಸ್ಟ್ ಎಂದು ಎರಡು ಸಂಘಗಳು. ಸ್ಟುಡಿಯೊಗಳ ಜೊತೆ ಮಾತುಕತೆಗೆ ಕೂತಾಗ ಎರಡೂ ಒಂದೇ. ಪ್ರಶಸ್ತಿಯನ್ನೂ ಒಟ್ಟಿಗೇ ಕೊಡುತ್ತವೆ.

ಪ್ರಶಸ್ತಿ ಶುರುವಾಗಿದ್ದು 1949ರಲ್ಲಿ. ಆಗಿನ ವಿಭಾಗಗಳು ಈಗಿನಂತಿರಲಿಲ್ಲ. ಹಾಸ್ಯ, ಗಂಭೀರ ಕಥೆ, ಸಂಗೀತಮಯ, ವೆಸ್ಟರ್ನ್ (ಕೌಬಾಯ್ ಕಥೆ) ಎಂದು ಸಿನಿಮಾದ ಜಾತಿ ನೋಡಿ ಬಹುಮಾನ ಕೊಡುತ್ತಿದ್ದರು. ಮೂಲ ಮತ್ತು ರೂಪಾಂತರ ಎಂಬ ಈಗಿನ ವಿಂಗಡಣೆ ಬಂದದ್ದು ಆಮೇಲೆ. ಟಿವಿ, ರೇಡಿಯೊ, ಸುದ್ದಿ ಬರವಣಿಗೆಯೂ ಕಾಲಕಾಲಕ್ಕೆ ಸೇರಿಕೊಂಡವು.

ಈ ಸಂಘದ ನಿಜವಾದ ಶಕ್ತಿ ಪ್ರಶಸ್ತಿಯಲ್ಲಿಲ್ಲ. ಸ್ಟುಡಿಯೊಗಳ ಜೊತೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಅದು ಮಾಡಿಕೊಳ್ಳುವ ಮೂಲ ಒಪ್ಪಂದದಲ್ಲಿದೆ. ಒಂದು ಚಿತ್ರಕಥೆಗೆ ಕನಿಷ್ಠ ಎಷ್ಟು ಹಣ, ಸಿನಿಮಾ ಮರುಪ್ರಸಾರವಾದಾಗ ಎಷ್ಟು ಪಾಲು, ಆರೋಗ್ಯ ವಿಮೆ, ಪಿಂಚಣಿ ಎಲ್ಲವೂ ಅದರಲ್ಲಿದೆ. ತೆರೆಯ ಮೇಲೆ 'ಬರೆದವರು' ಅಂತ ಯಾರ ಹೆಸರು ಬರಬೇಕು ಅನ್ನುವುದೂ ಅದರಲ್ಲೇ ಇದೆ. ಪ್ರಶಸ್ತಿಯ ಅರ್ಹತೆ ಈ ಒಪ್ಪಂದಕ್ಕೆ ಗಂಟು ಹಾಕಿಕೊಂಡಿದೆ. ಚಿತ್ರಕಥೆ ಈ ಒಪ್ಪಂದದಡಿ ಬರೆದದ್ದಾಗಿರಬೇಕು. ಇಲ್ಲವಾದರೆ ಬ್ರಿಟನ್, ಕೆನಡಾದಂಥ ದೇಶಗಳಲ್ಲಿ ಗಿಲ್ಡ್ ಮಾನ್ಯ ಮಾಡಿರುವ ಸೋದರ ಸಂಘಗಳ ಒಪ್ಪಂದದಡಿ ಬರೆದದ್ದಾಗಿರಬೇಕು. ಎರಡೂ ಇಲ್ಲವಾದರೆ ಕೃತಿ ಎಷ್ಟೇ ಒಳ್ಳೆಯದಿರಲಿ, ಮತಪತ್ರದಲ್ಲಿ ಬರುವುದಿಲ್ಲ.

ಹಾಗಾಗಿ ಹೊರಗುಳಿಯುವ ಸಿನಿಮಾಗಳಲ್ಲಿ ಒಂದು ಸಾಮಾನ್ಯ ಅಂಶ ಕಾಣುತ್ತದೆ. ಅಮೆರಿಕದ ಆಚೆ ತಯಾರಾದವು, ಸ್ವತಂತ್ರ ನಿರ್ಮಾಪಕರು ಸಣ್ಣ ದುಡ್ಡಿನಲ್ಲಿ ಮಾಡಿದವು, ಗಿಲ್ಡ್ ಸೇರಲು ಒಪ್ಪದವರು ಬರೆದವು. ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ ಗಿಲ್ಡ್ ಸದಸ್ಯರಲ್ಲ. ಅವರ 'ಜಾಂಗೊ ಅನ್‌ಚೇನ್ಡ್' 2013ರಲ್ಲಿ ಮೂಲ ಚಿತ್ರಕಥೆಯ ಆಸ್ಕರ್ ಪಡೆಯಿತು. ಗಿಲ್ಡ್‌ನ ಪ್ರಶಸ್ತಿ ಆ ವರ್ಷ 'ಝೀರೊ ಡಾರ್ಕ್ ಥರ್ಟಿ'ಗೆ ಹೋಯಿತು. 'ದ ಕಿಂಗ್ಸ್ ಸ್ಪೀಚ್', '12 ಇಯರ್ಸ್ ಎ ಸ್ಲೇವ್', 'ಬರ್ಡ್‌ಮ್ಯಾನ್', 'ದ ಫಾದರ್', 'ಬೆಲ್‌ಫಾಸ್ಟ್', 'ಅನಾಟಮಿ ಆಫ್ ಎ ಫಾಲ್' ಎಲ್ಲವೂ ಚಿತ್ರಕಥೆಗೆ ಆಸ್ಕರ್ ಗೆದ್ದವು. ಗಿಲ್ಡ್‌ನಲ್ಲಿ ಒಂದಕ್ಕೂ ಪ್ರವೇಶ ಇರಲಿಲ್ಲ. ಇದು ಅಪರೂಪದ ಅಪವಾದವೇನಲ್ಲ, ಮತ್ತೆ ಮತ್ತೆ ಆಗುತ್ತಲೇ ಇದೆ.

ಕ್ರೆಡಿಟ್ ಯಾರಿಗೆ? ತೀರ್ಮಾನವಾಗುವುದು ಹೀಗೆ

ಒಳ್ಳೆಯ ಬರವಣಿಗೆಗೆ ಬಹುಮಾನ ಕೊಡಲು ಒಪ್ಪಂದ ಯಾಕೆ ಬೇಕು? ಇದಕ್ಕೆ ಉತ್ತರ ಇರುವುದು ಹಾಲಿವುಡ್ ಕೆಲಸ ಮಾಡುವ ರೀತಿಯಲ್ಲಿ.

ಅಲ್ಲಿ ಒಂದು ದೊಡ್ಡ ಸಿನಿಮಾದ ಚಿತ್ರಕಥೆಯನ್ನು ಒಬ್ಬರೇ ಕೊನೆಯವರೆಗೆ ಬರೆಯುವುದು ಕಡಿಮೆ. ಒಬ್ಬರು ಮೊದಲ ಡ್ರಾಫ್ಟ್ ಕೊಡುತ್ತಾರೆ. ಸ್ಟುಡಿಯೊಗೆ ತೃಪ್ತಿಯಾಗದಿದ್ದರೆ ಇನ್ನೊಬ್ಬರನ್ನು ಕರೆಯುತ್ತಾರೆ. ಮೂರನೆಯವರು ಬಂದು ಸಂಭಾಷಣೆ ತಿದ್ದುತ್ತಾರೆ. ಚಿತ್ರೀಕರಣ ಶುರುವಾದ ಮೇಲೆ ನಿರ್ದೇಶಕರೂ ಕೈ ಹಾಕಿರಬಹುದು. ಕೊನೆಗೆ ಪರದೆಯ ಮೇಲೆ ಯಾರ ಹೆಸರು? ಹಿಂದೆ ಇದನ್ನು ಸ್ಟುಡಿಯೊದವರೇ ತೀರ್ಮಾನಿಸುತ್ತಿದ್ದರು. ಬೇಕಾದವರ ಹೆಸರು ಸೇರುತ್ತಿತ್ತು, ಬರೆದವರ ಹೆಸರು ಬಿಟ್ಟೇ ಹೋಗುತ್ತಿತ್ತು. 1940ರ ದಶಕದ ಶುರುವಿನಲ್ಲಿ ಗಿಲ್ಡ್ ಈ ಅಧಿಕಾರವನ್ನು ಹೋರಾಡಿ ತನ್ನ ಕೈಗೆ ತೆಗೆದುಕೊಂಡಿತು. ಅದು ಗೆದ್ದುಕೊಂಡ ಹಕ್ಕುಗಳಲ್ಲಿ ಇದರಷ್ಟು ದೂರ ಹೋದದ್ದು ಬೇರೆ ಇಲ್ಲ ಅನ್ನಬಹುದು.

ಈಗ ನಡೆಯುವುದು ಹೀಗೆ. ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೊ ತನ್ನ ಪ್ರಕಾರ ಯಾರಿಗೆ ಕ್ರೆಡಿಟ್ ಸಲ್ಲಬೇಕು ಅಂತ ಒಂದು ತಾತ್ಕಾಲಿಕ ಸೂಚನೆ ಕಳಿಸುತ್ತದೆ. ಅದು ಆ ಸಿನಿಮಾಕ್ಕೆ ಬರೆದ ಎಲ್ಲರಿಗೂ ಹೋಗಬೇಕು. ಯಾರಾದರೂ ಒಪ್ಪದಿದ್ದರೆ ಗಿಲ್ಡ್ ಮೂವರು ಅನುಭವಿ ಬರಹಗಾರರನ್ನು ತೀರ್ಪುಗಾರರಾಗಿ ಆರಿಸುತ್ತದೆ. ಈ ಮೂವರಿಗೆ ತಮ್ಮ ಜೊತೆ ಇನ್ನಿಬ್ಬರು ಯಾರು ಅಂತ ಗೊತ್ತಿರುವುದಿಲ್ಲ. ಅವರು ಯಾರು ಅಂತ ಜಗಳದಲ್ಲಿರುವವರಿಗೂ ಗೊತ್ತಾಗುವುದಿಲ್ಲ. ಎಲ್ಲ ಡ್ರಾಫ್ಟ್‌ಗಳೂ ಅವರ ಮುಂದೆ ಬರುತ್ತವೆ, ಆದರೆ ಹೆಸರಿಲ್ಲದೆ. ಬರಹಗಾರ ಎ, ಬರಹಗಾರ ಬಿ, ಬರಹಗಾರ ಸಿ, ಅಷ್ಟೇ. ಯಾರು ಹೆಸರಾಂತರು, ಯಾರು ಹೊಸಬರು ಅನ್ನುವುದು ತೀರ್ಪನ್ನು ಮುಟ್ಟಬಾರದು ಅನ್ನುವುದು ಇದರ ಉದ್ದೇಶ.

ತೀರ್ಪುಗಾರರು ನೋಡುವುದು ಮುಖ್ಯವಾಗಿ ನಾಲ್ಕು ವಿಷಯ. ಕಥೆಯ ಕಟ್ಟೋಣ ಯಾರದು, ಹೊಸ ದೃಶ್ಯಗಳು ಯಾರವು, ಪಾತ್ರಗಳು ಮತ್ತು ಅವುಗಳ ನಡುವಿನ ಸಂಬಂಧ ರೂಪಿಸಿದ್ದು ಯಾರು, ಮಾತು ಯಾರದು. ಸುಮ್ನೆ ನಾಲ್ಕು ಸಾಲು ಮಾತು ಬದಲಾಯಿಸಿದ್ದಕ್ಕೆ ಕ್ರೆಡಿಟ್ ಸಿಗುವುದಿಲ್ಲ. ರೂಪಾಂತರಿತ ಚಿತ್ರಕಥೆಯಾದರೆ ಅಂತಿಮ ಕೃತಿಯಲ್ಲಿ ಶೇ 33ಕ್ಕಿಂತ ಹೆಚ್ಚು ಕೊಡುಗೆ ಇರಬೇಕು. ಮೂಲ ಚಿತ್ರಕಥೆಯಾದರೆ ಆಮೇಲೆ ಬಂದ ಬರಹಗಾರರ ಪಾಲು ಶೇ 50ರಷ್ಟಾಗಬೇಕು. ಖಾಲಿ ಹಾಳೆಯಿಂದ ಶುರು ಮಾಡಿದವರಿಗೆ ಜಾಸ್ತಿ ರಕ್ಷಣೆ ಕೊಡಬೇಕು ಅನ್ನುವ ಲೆಕ್ಕಾಚಾರ ಇದರ ಹಿಂದಿದೆ. ನಿರ್ದೇಶಕರೋ ನಿರ್ಮಾಪಕರೋ ಬೇರೆ ಬರಹಗಾರರ ಜೊತೆ ತಮಗೂ ಚಿತ್ರಕಥೆಯ ಕ್ರೆಡಿಟ್ ಬೇಕು ಅಂದರೆ ಯಾರೂ ಆಕ್ಷೇಪಿಸದಿದ್ದರೂ ಪರಿಶೀಲನೆ ಕಡ್ಡಾಯ. ಕೆಲಸ ಕೊಡುವವರ ಎದುರು ಬಾಯಿ ಬಿಡಲು ಬರಹಗಾರರು ಹೆದರಬಹುದಲ್ಲ, ಅದಕ್ಕೆ.

ಕೊನೆಗೆ ಪರದೆಯ ಮೇಲೆ ಬರುವ ಸಣ್ಣ ಗುರುತಿಗೂ ಅರ್ಥವಿದೆ. ಎರಡು ಹೆಸರುಗಳ ನಡುವೆ ಆಂಪರ್ಸ್ಯಾಂಡ್ (&) ಚಿಹ್ನೆ ಇದ್ದರೆ ಅವರು ಜೋಡಿಯಾಗಿ ಬರೆದವರು. 'ಆ್ಯಂಡ್' ಎಂದು ಅಕ್ಷರದಲ್ಲೇ ಇದ್ದರೆ ಬೇರೆ ಬೇರೆಯಾಗಿ ಬರೆದವರು, ಬಹುಶಃ ಒಬ್ಬರಾದ ಮೇಲೆ ಒಬ್ಬರು. ಇಬ್ಬರೂ ಒಮ್ಮೆಯೂ ಭೇಟಿಯಾಗದೆಯೂ ಇರಬಹುದು.

ಇದೆಲ್ಲ ಬರೀ ಗೌರವದ ವಿಷಯ ಅಲ್ಲ. ಸಿನಿಮಾ ಟಿವಿಯಲ್ಲೋ ಸ್ಟ್ರೀಮಿಂಗ್‌ನಲ್ಲೋ ಮತ್ತೆ ಮತ್ತೆ ಬಂದಾಗ ಸಿಗುವ ರೆಸಿಡ್ಯುಯಲ್ ಹಣ ಕ್ರೆಡಿಟ್ ಇದ್ದವರಿಗೆ ಮಾತ್ರ. ಹೆಸರು ಹೋದರೆ ವರ್ಷಗಟ್ಟಲೆ ಬರಬೇಕಾದ ಆದಾಯವೂ ಹೋಯಿತು. 2008ರಲ್ಲಿ ಜಾರ್ಜ್ ಕ್ಲೂನಿಯಂಥ ದೊಡ್ಡ ತಾರೆ 'ಲೆದರ್‌ಹೆಡ್ಸ್' ಚಿತ್ರಕಥೆಯಲ್ಲಿ ತಮಗೆ ಕ್ರೆಡಿಟ್ ಸಿಗಬೇಕಿತ್ತು ಎಂದು ಗಿಲ್ಡ್ ಜೊತೆ ಮುನಿಸಿಕೊಂಡದ್ದು ಸುದ್ದಿಯಾಯಿತು. ತೀರ್ಪು ಅವರ ವಿರುದ್ಧ 2–1ರಲ್ಲಿ ಬಂದಿತ್ತು. ಅವರು ಪೂರ್ಣ ಸದಸ್ಯತ್ವ ಬಿಟ್ಟು, ಮತದಾನದ ಹಕ್ಕಿಲ್ಲದ ಆರ್ಥಿಕ ಸದಸ್ಯತ್ವಕ್ಕೆ ಇಳಿದರು. ತೀರ್ಪು ಸರಿಯೋ ತಪ್ಪೋ ಹೊರಗಿನವರು ಹೇಳಲಾಗದು. ಅಷ್ಟು ದೊಡ್ಡ ಹೆಸರಿಗೂ ಈ ವ್ಯವಸ್ಥೆ ಬಗ್ಗಲಿಲ್ಲ ಅನ್ನುವುದಂತೂ ನಿಜ.

ಗಿಲ್ಡ್ ಪ್ರಶಸ್ತಿಯ ಪಟ್ಟಿಗೆ ಬರುವ ಹೆಸರುಗಳ ಹಿಂದೆ ಈ ವ್ಯವಸ್ಥೆ ಇದೆ. ಒಪ್ಪಂದದಾಚೆಯ ಸಿನಿಮಾಗಳಲ್ಲಿ 'ಬರೆದವರು' ಅಂತ ಬರುವ ಹೆಸರಿಗೆ ಗಿಲ್ಡ್ ಜವಾಬ್ದಾರಿ ಹೊರಲಾರದು. ಆ ಹೆಸರು ಪೂರ್ತಿ ಪ್ರಾಮಾಣಿಕವಾಗಿಯೇ ಇರಬಹುದು, ಹೆಚ್ಚಿನ ಸಲ ಹಾಗೇ ಇರುತ್ತದೆ. ಆದರೆ ವಿವಾದ ಬಂದಿದ್ದರೆ ಅದನ್ನು ಗಿಲ್ಡ್‌ನ ಮುಂದೆ ತರುವ ದಾರಿ ಆ ಬರಹಗಾರರಿಗೆ ಇರಲಿಲ್ಲ.

ಹೆಸರು ಕಳೆದುಹೋದ ಕಾಲ

ಗಿಲ್ಡ್ ಈ ವಿಷಯದಲ್ಲಿ ಇಷ್ಟು ಬಿಗಿ ಯಾಕೆ ಅನ್ನುವುದು ಅದರ ಚರಿತ್ರೆ ನೋಡಿದರೆ ಅರ್ಥವಾಗುತ್ತದೆ. ಆ ಚರಿತ್ರೆಯಲ್ಲಿ ಅದರದೇ ತಪ್ಪೂ ಇದೆ.

1940ರ ದಶಕದ ಕೊನೆಯಿಂದ ಹಾಲಿವುಡ್‌ನಲ್ಲಿ ಕಪ್ಪುಪಟ್ಟಿ ಜಾರಿಯಲ್ಲಿತ್ತು. ಕಮ್ಯುನಿಸ್ಟ್ ಎಂಬ ಶಂಕೆಗೆ ಸಿಕ್ಕವರಿಗೆ, ಸಂಸತ್ ಸಮಿತಿಯ ಮುಂದೆ ಉತ್ತರಿಸಲು ಒಪ್ಪದವರಿಗೆ ಕೆಲಸ ಕೊಡುವಂತಿರಲಿಲ್ಲ. 1950ರ ದಶಕದ ಶುರುವಿನಲ್ಲಿ ಗಿಲ್ಡ್ ಒತ್ತಡಕ್ಕೆ ಮಣಿಯಿತು. ಇಂಥವರ ಹೆಸರನ್ನು ಸ್ಟುಡಿಯೊಗಳು ಪರದೆಯಿಂದ ಕೈಬಿಡಬಹುದು ಎಂದು ಒಪ್ಪಿಕೊಂಡಿತು. ಹತ್ತು ವರ್ಷದ ಹಿಂದೆ ತಾನೇ ಹೋರಾಡಿ ಪಡೆದಿದ್ದ ಹಕ್ಕನ್ನು ತಾನೇ ಬಿಟ್ಟುಕೊಟ್ಟ ಹಾಗಾಯಿತು.

ಪರಿಣಾಮ ಬೇಗ ಕಾಣಿಸಿತು. ಕಪ್ಪುಪಟ್ಟಿಯಲ್ಲಿದ್ದ ಡಾಲ್ಟನ್ ಟ್ರಂಬೊ ಬರೆದ 'ರೋಮನ್ ಹಾಲಿಡೇ' ಕಥೆ ಗೆಳೆಯ ಇಯಾನ್ ಮೆಕ್‌ಲೆಲನ್ ಹಂಟರ್ ಹೆಸರಿನಲ್ಲಿ ಹೋಯಿತು. ಅದಕ್ಕೆ ಆಸ್ಕರ್ ಬಂದಾಗಲೂ ಹೆಸರು ಹಂಟರ್ ಅವರದ್ದೇ. 'ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್' ಚಿತ್ರಕಥೆ ಬರೆದವರು ಅದೇ ಪಟ್ಟಿಯಲ್ಲಿದ್ದ ಕಾರ್ಲ್ ಫೋರ್‌ಮನ್ ಮತ್ತು ಮೈಕಲ್ ವಿಲ್ಸನ್. 1958ರಲ್ಲಿ ಆಸ್ಕರ್ ಹೋದದ್ದು ಮೂಲ ಕಾದಂಬರಿಕಾರ ಪಿಯರ್ ಬೂಲ್‌ಗೆ. ಚಿತ್ರಕಥೆಯನ್ನು ಅವರು ಬರೆದೇ ಇರಲಿಲ್ಲ.

ಮೈಕಲ್ ವಿಲ್ಸನ್ ಅವರ ಇನ್ನೊಂದು ಪ್ರಕರಣ ಈ ಎರಡು ಪ್ರಶಸ್ತಿಗಳ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. 1956ರ 'ಫ್ರೆಂಡ್ಲಿ ಪರ್ಸುಯೇಶನ್' ಸಿನಿಮಾದಲ್ಲಿ ಚಿತ್ರಕಥೆಗಾರರ ಹೆಸರೇ ಇರಲಿಲ್ಲ. ವಿಲ್ಸನ್ ಹೆಸರನ್ನು ತೆಗೆದಿದ್ದರು. ಸಮಿತಿಗೆ ಉತ್ತರಿಸದವರು ಅನರ್ಹರು ಎಂದು ಅಕಾಡೆಮಿ ಹೊಸ ನಿಯಮ ಮಾಡಿ, ಆಸ್ಕರ್ ಸ್ಪರ್ಧೆಯಿಂದ ಅವರನ್ನು ಹೊರಗಿಟ್ಟಿತು. ಅದೇ ವರ್ಷ ಗಿಲ್ಡ್ ಸದಸ್ಯರು ಅದೇ ಸಿನಿಮಾಕ್ಕೆ ತಮ್ಮ ಪ್ರಶಸ್ತಿ ಕೊಟ್ಟರು. ಸಂಘ ಮಣಿದಿತ್ತು, ಆದರೆ ಸದಸ್ಯರು ಮತಪತ್ರದಲ್ಲಿ ತಮ್ಮ ಮನಸ್ಸು ಹೇಳಿದರು. ಈ ಪ್ರಶಸ್ತಿಯ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇರಲಾರದು.

ಸರಿಪಡಿಸಲು ದಶಕಗಳೇ ಹಿಡಿದವು. ಫೋರ್‌ಮನ್ ಮತ್ತು ವಿಲ್ಸನ್‌ಗೆ ಆಸ್ಕರ್ ಸಿಕ್ಕಿದ್ದು ಅವರು ತೀರಿಕೊಂಡ ಮೇಲೆ, 1980ರ ದಶಕದಲ್ಲಿ. 'ರೋಮನ್ ಹಾಲಿಡೇ' ಚಿತ್ರಕಥೆಯ ಕ್ರೆಡಿಟ್‌ನಲ್ಲಿ ಗಿಲ್ಡ್ ಟ್ರಂಬೊ ಹೆಸರು ಸೇರಿಸಿದ್ದು 2011ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 35 ವರ್ಷವಾಗಿತ್ತು.

ಒಂದೇ ಕೃತಿ, ಎರಡು ವಿಭಾಗ

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. 2017ರಲ್ಲಿ 'ಮೂನ್‌ಲೈಟ್' ಗಿಲ್ಡ್‌ನಲ್ಲಿ ಮೂಲ ಚಿತ್ರಕಥೆಯ ಪ್ರಶಸ್ತಿ ಗೆದ್ದಿತು, ಆಸ್ಕರ್‌ನಲ್ಲಿ ರೂಪಾಂತರಿತ ಚಿತ್ರಕಥೆಯದ್ದು. ಅದರ ಮೂಲ ಒಂದು ನಾಟಕದ ಹಸ್ತಪ್ರತಿ, ರಂಗದ ಮೇಲೆ ಬಂದೇ ಇರಲಿಲ್ಲ. ಅಂಥದ್ದನ್ನು ಆಧಾರ ಎಂದು ಎಣಿಸಬೇಕೇ ಬೇಡವೇ ಅನ್ನುವುದರಲ್ಲಿ ಎರಡೂ ಕಡೆ ನಿಯಮ ಬೇರೆ. 'ವಿಪ್‌ಲ್ಯಾಶ್' ಮತ್ತು 'ಬಾರ್ಬಿ' ವಿಷಯದಲ್ಲೂ ಹೀಗೇ ಆಯಿತು. ಗಿಲ್ಡ್ ಮೂಲ ಅಂದಿತು, ಅಕಾಡೆಮಿ ರೂಪಾಂತರ ಅಂದಿತು. ಹಾಗಾಗಿ ಗಿಲ್ಡ್ ಫಲಿತಾಂಶ ನೋಡಿ ಆಸ್ಕರ್ ಯಾರಿಗೆ ಅಂತ ಊಹಿಸುವ ಲೆಕ್ಕ ಎಷ್ಟೋ ಸಲ ಕೈಕೊಡುತ್ತದೆ. ಒಂದು ಕಡೆ ಎದುರಾಳಿಗಳಾಗಿದ್ದವರು ಇನ್ನೊಂದು ಕಡೆ ಬೇರೆ ಬೇರೆ ವಿಭಾಗದಲ್ಲಿರುತ್ತಾರೆ.

ಅನಿಮೇಶನ್‌ಗೆ ಆಗಿರುವ ಅನ್ಯಾಯ

'ಅಪ್', 'ಇನ್‌ಸೈಡ್ ಔಟ್', 'ಟಾಯ್ ಸ್ಟೋರಿ 3' ಚಿತ್ರಕಥೆಗಳು ಆಸ್ಕರ್‌ಗೆ ನಾಮನಿರ್ದೇಶನಗೊಂಡವು. ಗಿಲ್ಡ್‌ನ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಅಮೆರಿಕದ ದೊಡ್ಡ ಅನಿಮೇಶನ್ ಸಿನಿಮಾಗಳ ಬರವಣಿಗೆ ಸಾಮಾನ್ಯವಾಗಿ ರೈಟರ್ಸ್ ಗಿಲ್ಡ್ ಒಪ್ಪಂದದಡಿ ನಡೆಯುವುದಿಲ್ಲ. ಅಲ್ಲಿ ಸಂಘ ಇದ್ದರೆ ಅದು ಬೇರೆ, ಅನಿಮೇಶನ್ ಗಿಲ್ಡ್. ಕೆಲಸದ ಶರತ್ತೂ ಬೇರೆ.

ಟಿವಿಯಲ್ಲಿ ಕಥೆ ಬೇರೆ. 1998ರಲ್ಲಿ 'ದ ಸಿಂಪ್ಸನ್ಸ್' ಸೇರಿದಂತೆ ಫಾಕ್ಸ್ ವಾಹಿನಿಯ ಸಂಜೆ ಹೊತ್ತಿನ ಅನಿಮೇಶನ್ ಸರಣಿಗಳ ಬರಹಗಾರರು ರೈಟರ್ಸ್ ಗಿಲ್ಡ್ ಒಪ್ಪಂದದೊಳಗೆ ಬಂದರು. ಅಂದಿನಿಂದ ಗಿಲ್ಡ್‌ನ ಅನಿಮೇಶನ್ ವಿಭಾಗದಲ್ಲಿ 'ದ ಸಿಂಪ್ಸನ್ಸ್' ಹೆಸರು ಮತ್ತೆ ಮತ್ತೆ ಬರುತ್ತದೆ. ಕೆಲವು ವರ್ಷ ಒಂದೇ ಸರಣಿಯ ಹಲವು ಕಂತುಗಳು ತಮ್ಮತಮ್ಮಲ್ಲೇ ಪೈಪೋಟಿಗಿಳಿದದ್ದೂ ಇದೆ. ನೋಡುವವರಿಗೆ ಇದು ಪಕ್ಷಪಾತ ಅನಿಸಬಹುದು. ನಿಜವಾದ ಕಾರಣ ಸರಳ: ಒಪ್ಪಂದದೊಳಗಿರುವ ಅನಿಮೇಶನ್ ಸರಣಿಗಳು ಕಡಿಮೆ.

ಅರ್ಹತೆಯ ನಿಯಮ ಎಲ್ಲಿ ತಪ್ಪುತ್ತದೆ ಅಂತ ಕೇಳಿದರೆ ಮೊದಲು ತೋರಿಸಬೇಕಾದ್ದು ಈ ಜಾಗವನ್ನೇ. ಸ್ವತಂತ್ರ ನಿರ್ಮಾಪಕರು ಗಿಲ್ಡ್ ಜೊತೆ ಸಹಿ ಹಾಕದಿರುವುದು ಅವರ ಆಯ್ಕೆ. ಅನಿಮೇಶನ್ ಬರಹಗಾರರಿಗೆ ಅಂಥ ಆಯ್ಕೆಯೇ ಇರುವುದಿಲ್ಲ. ಅವರ ಕೆಲಸದ ಜಾಗದಲ್ಲಿ ಯಾವ ಸಂಘ ಇರಬೇಕು ಅನ್ನುವುದು ದಶಕಗಳ ಹಿಂದೆ ಬೇರೆ ಯಾರೋ ತೀರ್ಮಾನಿಸಿದ್ದು. ಅವರಲ್ಲಿ ಅನೇಕರು ಸಂಘಟಿತ ಕಾರ್ಮಿಕರೇ. ಆದರೂ ಹೊರಗೆ.

ವಿರೋಧಿಸುವವರ ವಾದ

ನಿಯಮ ಬದಲಾಗಲಿ ಅನ್ನುವವರ ಮಾತಿನಲ್ಲಿ ತೂಕವಿದೆ. ಮೊದಲನೆಯದಾಗಿ, ಸಹಿ ಹಾಕುವುದು ಬಿಡುವುದು ನಿರ್ಮಾಪಕರ ಕೈಯಲ್ಲಿದೆ, ಪ್ರಶಸ್ತಿ ತಪ್ಪುವುದು ಬರಹಗಾರರಿಗೆ. ಮೊದಲ ಸಿನಿಮಾ ಬರೆಯುವ ಹೊಸಬರು ನಿರ್ಮಾಪಕರಿಗೆ 'ನೀವು ಗಿಲ್ಡ್ ಒಪ್ಪಂದಕ್ಕೆ ಸಹಿ ಹಾಕಿ, ಇಲ್ಲದಿದ್ದರೆ ಬರೆಯಲ್ಲ' ಅನ್ನುವ ಸ್ಥಿತಿಯಲ್ಲಿ ಇರುತ್ತಾರಾ? ಎರಡನೆಯದಾಗಿ, ಈಗ ಸಿನಿಮಾ ಒಂದು ದೇಶದ ಗಡಿಯೊಳಗೆ ಉಳಿದಿಲ್ಲ. ಫ್ರಾನ್ಸ್‌ನಲ್ಲಿ ತಯಾರಾದದ್ದು, ಬ್ರಿಟನ್ ದುಡ್ಡಿನಲ್ಲಿ ಆದದ್ದು ಅಮೆರಿಕದ ಥಿಯೇಟರುಗಳಲ್ಲಿ, ಅಮೆರಿಕದ ಪ್ರಶಸ್ತಿಗಳಲ್ಲಿ ಮುಂಚೂಣಿಯಲ್ಲಿರುತ್ತವೆ. ವರ್ಷದ ಅತ್ಯುತ್ತಮ ಚಿತ್ರಕಥೆ ಅಂತ ಹೇಳಿ ಅವನ್ನೆಲ್ಲ ಬಿಟ್ಟರೆ ಆ 'ಅತ್ಯುತ್ತಮ' ಎಷ್ಟರಮಟ್ಟಿಗೆ ಸರಿ? 2024ರಲ್ಲಿ ಇದು ಎದ್ದು ಕಂಡಿತು. ಹಿಂದಿನ ವರ್ಷ ಬರಹಗಾರರು ನಡೆಸಿದ ಮುಷ್ಕರದ ಕಾರಣ ಗಿಲ್ಡ್ ಸಮಾರಂಭ ಏಪ್ರಿಲ್ 14ಕ್ಕೆ ಹೋಗಿತ್ತು, ಆಸ್ಕರ್ ಮಾರ್ಚ್ 10ಕ್ಕೇ ಮುಗಿದಿತ್ತು. 'ಅನಾಟಮಿ ಆಫ್ ಎ ಫಾಲ್' ಆಸ್ಕರ್ ಗೆದ್ದು ಒಂದು ತಿಂಗಳಾದ ಮೇಲೆ ಗಿಲ್ಡ್ 'ದ ಹೋಲ್ಡೋವರ್ಸ್' ಹೆಸರು ಘೋಷಿಸಿತು.

ಗಿಲ್ಡ್ ಪರ ಮಾತಾಡುವವರು ಹೇಳುವುದು ಬೇರೆ. ಇದು ಜಗತ್ತಿನ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಅಂತ ಗಿಲ್ಡ್ ಹೇಳಿಲ್ಲ. ಸದಸ್ಯರು ಚಂದಾ ಕಟ್ಟುತ್ತಾರೆ, ಮುಷ್ಕರ ಬಂದರೆ ತಿಂಗಳುಗಟ್ಟಲೆ ಸಂಬಳ ಬಿಡುತ್ತಾರೆ. 2007–08ರಲ್ಲಿ 100 ದಿನ, 2023ರಲ್ಲಿ 148 ದಿನ ಹಾಗೆ ಬಿಟ್ಟಿದ್ದಾರೆ. ಒಪ್ಪಂದ ತಪ್ಪಿಸಿಕೊಂಡು ಕಡಿಮೆ ಖರ್ಚಿನಲ್ಲಿ ಮುಗಿಸಿದ ನಿರ್ಮಾಣಕ್ಕೂ ಅದೇ ವೇದಿಕೆಯಲ್ಲಿ ಪ್ರಶಸ್ತಿ ಕೊಟ್ಟರೆ ಸಹಿ ಹಾಕಲು ನಿರ್ಮಾಪಕರಿಗೆ ಇರುವ ಒಂದು ಕಾರಣವೂ ಹೋಗುತ್ತದೆ. ಸಣ್ಣ ಸಿನಿಮಾಗಳಿಗೆ ಅಂತಲೇ ಕಡಿಮೆ ಬಜೆಟ್ ಒಪ್ಪಂದವೂ ಇದೆ. ಅದರಲ್ಲಿ ಹಣದ ಒಂದು ಭಾಗವನ್ನು ತಡವಾಗಿ ಕೊಡಲು ಅವಕಾಶವಿದೆ. ದುಡ್ಡಿಲ್ಲ ಅನ್ನುವ ನೆಪ ಎಲ್ಲ ಸಲ ನಿಲ್ಲುವುದಿಲ್ಲ.

ಎರಡನ್ನೂ ತೂಗಿದರೆ ಗಿಲ್ಡ್ ಪರವಾದ ವಾದವೇ ಗಟ್ಟಿ ಅನಿಸುತ್ತದೆ, ಒಂದು ಶರತ್ತಿನ ಮೇಲೆ. ಬಾಗಿಲು ಒಪ್ಪಂದದ ಮೇಲೆ ನಿಲ್ಲಲಿ, ಅದರಲ್ಲಿ ತಪ್ಪಿಲ್ಲ. ಆದರೆ ಬೇರೆ ಸಂಘದ ಒಪ್ಪಂದದಡಿ ದುಡಿದವರನ್ನು ಸಂಘವೇ ಇಲ್ಲದೆ ದುಡಿದವರ ಸಾಲಿಗೆ ಸೇರಿಸಬಾರದು. ವಿದೇಶದ ಸೋದರ ಸಂಘಗಳಿಗೆ ಕೊಟ್ಟ ಮಾನ್ಯತೆಯನ್ನು ಅದೇ ಊರಿನಲ್ಲಿರುವ ಅನಿಮೇಶನ್ ಗಿಲ್ಡ್‌ಗೂ ಕೊಡಬಹುದಲ್ವಾ?

ಎಐ ಬಂದ ಮೇಲೆ ಈ ನಿಯಮದ ಬೆಲೆ

ಹಳೆಯ ನಿಯಮವೊಂದು ಹೊಸ ಕಾರಣಕ್ಕೆ ಮಹತ್ವ ಪಡೆಯುವುದುಂಟು. ಇಲ್ಲಿ ಆಗಿರುವುದು ಅದೇ.

2023ರ ಮುಷ್ಕರ ಮೇ 2ರಿಂದ ಸೆಪ್ಟೆಂಬರ್ 27ರವರೆಗೆ ನಡೆಯಿತು. ಅದರ ಕೊನೆಗೆ ಬಂದ ಒಪ್ಪಂದದಲ್ಲಿ ಎಐ (ಕೃತಕ ಬುದ್ಧಿಮತ್ತೆ) ಬಗ್ಗೆ ಸ್ಪಷ್ಟ ಮಾತುಗಳಿವೆ. ಎಐ ಬರಹಗಾರ ಅಲ್ಲ. ಅದು ಉತ್ಪಾದಿಸಿದ ಪಠ್ಯವನ್ನು ಸಾಹಿತ್ಯ ಸಾಮಗ್ರಿ ಎಂದು ಎಣಿಸುವಂತಿಲ್ಲ. ಸ್ಟುಡಿಯೊ ಬರಹಗಾರರ ಕೈಗೆ ಕೊಡುವ ಸಾಮಗ್ರಿಯಲ್ಲಿ ಎಐ ಬರೆದದ್ದಿದ್ದರೆ ಮೊದಲೇ ಹೇಳಬೇಕು. ಎಐ ಬಳಸಿ ಅಂತ ಬರಹಗಾರರನ್ನು ಒತ್ತಾಯಿಸುವಂತಿಲ್ಲ. ಕಂಪನಿ ಒಪ್ಪಿದರೆ ಬರಹಗಾರರು ತಾವಾಗಿ ಬಳಸಬಹುದು.

ಇದರ ಪರಿಣಾಮವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಒಂದು ಸ್ಟುಡಿಯೊ ಎಐ ಕೈಯಲ್ಲಿ ಒಂದು ಕಥೆ ಬರೆಸುತ್ತದೆ ಅಂದುಕೊಳ್ಳಿ. ಅದನ್ನು ಬರಹಗಾರರ ಮುಂದಿಟ್ಟು 'ಇದನ್ನು ಚಿತ್ರಕಥೆ ಮಾಡಿಕೊಡಿ' ಅನ್ನುತ್ತದೆ. ಹಳೆಯ ಲೆಕ್ಕದಲ್ಲಿ ಮೊದಲೇ ಒಂದು ಕಥೆ ಇದ್ದರೆ ಬರಹಗಾರರ ಕೆಲಸ ರೂಪಾಂತರ ಆಗುತ್ತಿತ್ತು. ಮೂಲ ಬರಹಗಾರರಿಗೆ ಸಿಗುವ ಹಣವೂ ಹಕ್ಕೂ ತಪ್ಪುತ್ತಿತ್ತು. 2023ರ ಒಪ್ಪಂದ ಈ ದಾರಿ ಮುಚ್ಚಿತು. ಎಐ ಕೊಟ್ಟದ್ದು ಆಧಾರ ಕೃತಿ ಅಲ್ಲ. ಹಾಗಾಗಿ ಬರಹಗಾರರೇ ಮೊದಲಿಗರು. ಕ್ರೆಡಿಟ್, ಹಣ, ಪ್ರಶಸ್ತಿಯ ವಿಭಾಗ ಮೂರೂ ಅದರಂತೆಯೇ.

ಅಕಾಡೆಮಿಯ ನಿಲುವು ಇಷ್ಟು ಬಿಗಿಯಾಗಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಅದು ಹೇಳಿದ್ದು ಇಷ್ಟು: ಎಐ ಬಳಸಿದ್ದರಿಂದ ನಾಮನಿರ್ದೇಶನಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಸೃಷ್ಟಿಯ ಕೇಂದ್ರದಲ್ಲಿ ಮನುಷ್ಯರು ಎಷ್ಟು ಇದ್ದರು ಅನ್ನುವುದನ್ನು ಮತದಾರರು ಗಮನಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಚಿತ್ರಕಥೆ ಓದಿ ಅದರಲ್ಲಿ ಯಂತ್ರದ ಪಾಲು ಎಷ್ಟು ಅಂತ ಮತದಾರರಿಗೆ ಗೊತ್ತಾಗುವುದಾದರೂ ಹೇಗೆ? ಗಿಲ್ಡ್ ಒಪ್ಪಂದದಲ್ಲಿ ಆ ಪ್ರಶ್ನೆ ಬರವಣಿಗೆಯ ಮೊದಲ ದಿನವೇ ಎದುರಾಗುತ್ತದೆ. ಕಂಪನಿ ತಿಳಿಸಲೇಬೇಕು, ತಿಳಿಸದಿದ್ದರೆ ಒಪ್ಪಂದ ಮುರಿದಂತೆ. ಸಂಕುಚಿತ ಅಂತ ಟೀಕೆಗೆ ಸಿಕ್ಕ ಅರ್ಹತೆಯ ನಿಯಮ ಈಗ ಎಐ ಬರಹವನ್ನು ತಡೆಯುವ ಜರಡಿಯಾಗಿಯೂ ಕೆಲಸ ಮಾಡುತ್ತದೆ. ಯಾರೂ ಅದಕ್ಕೆಂದು ಮಾಡಿದ್ದಲ್ಲ, ಆದರೂ ಕೆಲಸಕ್ಕೆ ಬಂದಿದೆ.

ಟಿವಿ ಬರಹಗಾರರ ಕೋಣೆಯ ಲೆಕ್ಕ

ಟಿವಿ ಸರಣಿಯ ವಿಭಾಗಗಳಲ್ಲಿ ಗಿಲ್ಡ್ ಪ್ರಶಸ್ತಿಗೆ ಇನ್ನೊಂದು ವಿಶೇಷವಿದೆ. ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯಲ್ಲಿ ಬರವಣಿಗೆಯ ಪ್ರಶಸ್ತಿ ಸಾಮಾನ್ಯವಾಗಿ ಒಂದು ಕಂತಿಗೆ, ಅದನ್ನು ಬರೆದವರಿಗೆ. ಗಿಲ್ಡ್ ಕೂಡ ಕಂತುಗಳಿಗೆ ಬೇರೆಯಾಗಿ ಕೊಡುತ್ತದೆ. ಜೊತೆಗೆ ಇಡೀ ಸರಣಿಗೂ ಕೊಡುತ್ತದೆ. ಆಗ ಬರಹಗಾರರ ಕೋಣೆಯಲ್ಲಿ, ಅಂದರೆ ಒಟ್ಟಿಗೆ ಕಥೆ ಕಟ್ಟುವ ಜಾಗದಲ್ಲಿ, ಕೂತು ಬರೆದ ಎಲ್ಲರ ಹೆಸರೂ ಪಟ್ಟಿಯಲ್ಲಿರುತ್ತದೆ. ಕಂತಿನ ಮೇಲೆ ಒಬ್ಬರ ಹೆಸರಿದ್ದರೂ ಅದರ ಕಥೆ ಕಟ್ಟಿದ್ದು ಒಂದು ಗುಂಪು ಅನ್ನುವುದು ಟಿವಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಆ ಗುಂಪೇ ಸಣ್ಣದಾಗುತ್ತಾ ಬಂದದ್ದು 2023ರ ಮುಷ್ಕರದ ದೊಡ್ಡ ಕಾರಣಗಳಲ್ಲಿ ಒಂದು. ಸ್ಟ್ರೀಮಿಂಗ್ ಬಂದ ಮೇಲೆ ಕಂತುಗಳು ಕಡಿಮೆಯಾದವು. ನಾಲ್ಕಾರು ಜನರನ್ನು ಕೆಲವು ವಾರ ಕೂರಿಸಿ ಕಥೆಯ ರೂಪುರೇಷೆ ಬರೆಸಿ, ಚಿತ್ರೀಕರಣಕ್ಕೂ ಮೊದಲೇ ಮನೆಗೆ ಕಳಿಸುವುದು ಹೆಚ್ಚಾಯಿತು. ಹೊಸಬರಿಗೆ ಸೆಟ್‌ಗೆ ಹೋಗಿ ಕಲಿಯುವ ಅವಕಾಶವೇ ಇಲ್ಲವಾಯಿತು. ಹೊಸ ಒಪ್ಪಂದ ಸರಣಿಯ ಉದ್ದಕ್ಕೆ ತಕ್ಕಂತೆ ಕನಿಷ್ಠ ಇಷ್ಟು ಬರಹಗಾರರು ಇರಲೇಬೇಕು ಅಂತ ನಿಗದಿ ಮಾಡಿತು. ಪ್ರಶಸ್ತಿ ಪಟ್ಟಿಯಲ್ಲಿ ಒಂದು ಸರಣಿಯ ಕೆಳಗೆ ಎಷ್ಟು ಹೆಸರುಗಳಿವೆ ಅಂತ ವರ್ಷ ವರ್ಷ ನೋಡುತ್ತಾ ಹೋದರೆ ಈ ನಿಯಮ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದರ ಒಂದು ಸುಳಿವೂ ಸಿಗುತ್ತದೆ.

ಮುಂದೆ ಏನಾಗಬಹುದು

2023ರ ಒಪ್ಪಂದದ ಅವಧಿ 2026ರ ಮೇ 1ರವರೆಗೆ. ಅದರ ನಂತರದ ಪ್ರತಿ ಮಾತುಕತೆಯಲ್ಲೂ ಎಐ ಮತ್ತು ಬರಹಗಾರರ ಕೋಣೆಯ ಪ್ರಶ್ನೆ ಮತ್ತೆ ಬರುವುದು ಖಚಿತ. ಅಲ್ಲಿ ಆಗುವ ತೀರ್ಮಾನಗಳು ಪ್ರಶಸ್ತಿ ಪಟ್ಟಿಗೂ ಇಳಿಯುತ್ತವೆ, ಯಾಕೆಂದರೆ ಎರಡನ್ನೂ ಕಟ್ಟಿರುವುದು ಒಂದೇ ಹಗ್ಗ.

ಎರಡು ಪಟ್ಟಿಗಳ ನಡುವಿನ ಅಂತರ ಕಡಿಮೆಯಾಗುವ ಲಕ್ಷಣ ಸದ್ಯಕ್ಕಿಲ್ಲ. ಅಕಾಡೆಮಿ ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಆಚೆಯ ಸದಸ್ಯರನ್ನು ಹೆಚ್ಚೆಚ್ಚು ಸೇರಿಸಿಕೊಂಡಿದೆ. ಅವರು ಬೇರೆ ದೇಶಗಳ ಸಿನಿಮಾಗಳಿಗೆ ಮತ ಹಾಕುತ್ತಾರೆ. ಅಂಥ ಸಿನಿಮಾಗಳೇ ಗಿಲ್ಡ್ ಒಪ್ಪಂದದಿಂದ ಹೊರಗಿರುವ ಸಾಧ್ಯತೆ ಜಾಸ್ತಿ. ಹಾಗಾಗಿ 'ಕಾನ್‌ಕ್ಲೇವ್' ಥರದ ಪ್ರಕರಣಗಳು ಇನ್ನೂ ಬರುತ್ತವೆ, ಪ್ರತಿ ಸಲವೂ ಅದೇ ಆಶ್ಚರ್ಯ, ಅದೇ ಆರೋಪ ಕೇಳಿಬರುತ್ತವೆ.

ಇದಕ್ಕೆ ಗಿಲ್ಡ್ ಸುಲಭವಾಗಿ ಮಾಡಬಹುದಾದ ಒಂದು ಕೆಲಸವಿದೆ. ನಾಮನಿರ್ದೇಶನ ಪ್ರಕಟಿಸುವ ದಿನವೇ, ಹೆಚ್ಚು ಮಾತಾಗಿರುವ ಯಾವ ಚಿತ್ರಕಥೆಗಳು ಅರ್ಹತೆ ಪಡೆಯಲಿಲ್ಲ, ಯಾವ ಕಾರಣಕ್ಕೆ ಅನ್ನುವುದನ್ನು ಒಂದೊಂದು ಸಾಲಿನಲ್ಲಿ ತಿಳಿಸುವುದು. ನಿರ್ಮಾಪಕರು ಸಹಿ ಹಾಕಿರಲಿಲ್ಲ ಎಂದಿದ್ದರೆ ಓದುಗರ ಪ್ರಶ್ನೆ ಬರಹಗಾರರನ್ನು ಬಿಟ್ಟು ನಿರ್ಮಾಪಕರ ಕಡೆ ತಿರುಗುತ್ತದೆ. ಕೆಲಸ ಬೇರೆ ಸಂಘದಡಿ ನಡೆದದ್ದು ಎಂದಿದ್ದರೆ ಗಿಲ್ಡ್ ಆ ಸಂಘದ ಜೊತೆ ಯಾಕೆ ಮಾತಾಡುತ್ತಿಲ್ಲ ಅಂತ ಅದರ ಸದಸ್ಯರೇ ಕೇಳಬಹುದು.